ಸದ್ದಿಲ್ಲದ ಮೂಲೆಗೆ ಬಾಡಿಗೆಯಿಲ್ಲ

ಭಾನುವಾರ ಬೆಳಗಿನ ಐದೂಕಾಲು. ಘಾಟ್ಕೋಪರ್ ಪೂರ್ವದ ಆ ಹಳೆಯ ಶಾಲೆಯ ಸಭಾಂಗಣದ ನೆಲ ಈಗಷ್ಟೇ ಒರೆಸಿ ಅರ್ಧ ಆರಿದೆ. ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಚಂದ್ರವ್ವ ನೆಲದ ಮೇಲೆ ಮಂಡಿಯೂರಿದ್ದಾರೆ. ಎಡಗೈಯಲ್ಲಿ ಬಿದಿರಿನ ಲಾಠಿ, ಬಲಗೈಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಬಿಳಿ ಚಾಕ್. ಲಾಠಿಯನ್ನು ನೆಲಕ್ಕೆ ಮಲಗಿಸುತ್ತಾರೆ, ಅದರ ಪಕ್ಕೆಗೆ ಚಾಕ್ ಆನಿಸಿ ಎಳೆಯುತ್ತಾರೆ, ಲಾಠಿಯನ್ನು ಮಗುವಿನ ಮಗ್ಗುಲು ತಿರುಗಿಸಿದ ಹಾಗೆ ಹೊರಳಿಸುತ್ತಾರೆ, ಮತ್ತೆ ಎಳೆಯುತ್ತಾರೆ. ಒಂದು ಲಾಠಿ ಉದ್ದ, ಮುಕ್ಕಾಲು ಲಾಠಿ ಅಗಲ. ಅಷ್ಟು ಜಾಗ ಒಬ್ಬ ಮಾರಾಟಗಾರನದು.

ಏಳು ಗಂಟೆಯೊಳಗೆ ಹೀಗೆ ನಲವತ್ತೆರಡು ಚೌಕಗಳು ಏಳಬೇಕು. ಎಂಟಕ್ಕೆ ಗೇಟು ತೆರೆದರೆ ಟ್ಯಾಕ್ಸಿ, ರಿಕ್ಷಾ, ಲೋಕಲ್‌ಗಳಿಂದ ಇಳಿದವರು ಹಳೆಯ ರೇಡಿಯೋ ಸೆಟ್‌ಗಳನ್ನು, ತಂತಿಯ ಸುರುಳಿಗಳನ್ನು, ಬಣ್ಣ ಹೋದ ಮೈಕುಗಳನ್ನು ಕಂಕುಳಲ್ಲಿ ಅವುಚಿಕೊಂಡು ಒಳಗೆ ಬರುತ್ತಾರೆ. ಇವರೆಲ್ಲ ಹ್ಯಾಮ್‌ಗಳು. ಸರ್ಕಾರದಿಂದ ಲೈಸೆನ್ಸ್ ಪಡೆದು, ಮನೆಯ ಒಂದು ಮೂಲೆಯಲ್ಲಿ ಕೂತು, ಗಾಳಿಯ ಮೇಲೆಯೇ ಊರೂರಿನವರ ಜತೆ ಮಾತಾಡುವ ಹವ್ಯಾಸದವರು. ಬೇಡವಾದ ಸಾಮಾನು ಮಾರಲು, ಬೇಕಾದದ್ದಕ್ಕೆ ಬದಲಿ ಮಾಡಿಕೊಳ್ಳಲು ವರ್ಷಕ್ಕೆ ನಾಲ್ಕು ಸಲ ಇಲ್ಲಿ ಸೇರುತ್ತಾರೆ. ಒಬ್ಬೊಬ್ಬರಿಗೂ ಅಕ್ಷರ, ಅಂಕಿ ಸೇರಿಸಿದ ಗಾಳಿಹೆಸರು ಇದೆ. ಅದನ್ನು ಹೊಲಿಸಿದ ಟೋಪಿಯೂ ಇದೆ. ಇವರೆಲ್ಲ ಎಲ್ಲಿ ಕೂರಬೇಕು, ಆ ಜಾಗಕ್ಕೆ ಎಷ್ಟು ಕೊಡಬೇಕು ಎಂದು ಇಪ್ಪತ್ತೆರಡು ವರ್ಷ ನಿರ್ಧರಿಸಿದವರು ಮಾತ್ರ ಟೋಪಿಯಿಲ್ಲದ, ಗಾಳಿಹೆಸರಿಲ್ಲದ, ಶಾಲೆಯ ಕಸ ಗುಡಿಸುವ ಚಂದ್ರವ್ವ.

ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ವಯಸ್ಸು ಐವತ್ತೆಂಟೋ ಅರವತ್ತೋ. ಆಧಾರ್ ಕಾರ್ಡಿನಲ್ಲಿ ಒಂದಿದೆ, ತಾಯಿ ಹೇಳಿದ್ದು ಇನ್ನೊಂದು. ಗಂಡ ಪರಪ್ಪ ಈ ಶಾಲೆಯ ವಾಚ್‌ಮನ್ ಆಗಿದ್ದಾಗ ಚಂದ್ರವ್ವ ಸ್ಟೇಷನ್ನಿನ ಹೊರಗೆ ಫುಟ್‌ಪಾತ್ ಮೇಲೆ ಮೆಂತ್ಯ, ಕೊತ್ತಂಬರಿ ಮಾರುತ್ತಿದ್ದರು. ಮೆಟ್ಟಿಲ ಬುಡದ ಜಾಗಕ್ಕೆ ದಿನಕ್ಕೆ ಇಪ್ಪತ್ತು ರೂಪಾಯಿ, ಅಲ್ಲಿಂದ ನಾಲ್ಕು ಹೆಜ್ಜೆ ಸರಿದರೆ ಹತ್ತು, ಗಟಾರದ ಪಕ್ಕ ಐದು. ಒಂದೇ ಸೊಪ್ಪು, ಒಂದೇ ಬೆಳಗು, ಆದರೂ ನಾಲ್ಕು ಹೆಜ್ಜೆಗೆ ಬದುಕು ಬೇರೆ. ಅವರು ಶಾಲೆಗೆ ಹೋಗಿ ಕಲಿಯದ ಲೆಕ್ಕವನ್ನು ಆ ಫುಟ್‌ಪಾತ್ ಕಲಿಸಿತು.

ಅದು ಉಪಯೋಗಕ್ಕೆ ಬಂದದ್ದು ಚೆನ್ನಯ ಅವರಿಂದ. ಉಡುಪಿ ಕಡೆಯ ಚೆನ್ನಯ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದವರು, ಬಿಡುವಿನಲ್ಲಿ ಹ್ಯಾಮ್. ಈ ಮೇಳವನ್ನು ಹುಟ್ಟುಹಾಕಿದ್ದೇ ಅವರು. ಮೊದಲ ಸಲ ಬಂದ ಹನ್ನೆರಡು ಜನ ಮಾರಾಟಗಾರರು ಬಾಗಿಲ ಬಳಿಯ ಜಾಗಕ್ಕೆ ಜಗಳಾಡಿದ್ದನ್ನು ಕಂಡು ತಲೆ ಮೇಲೆ ಕೈ ಹೊತ್ತು ನಿಂತಿದ್ದರಂತೆ. ಗಂಡನಿಗೆ ಬುತ್ತಿ ತಂದಿದ್ದ ಚಂದ್ರವ್ವ ನೋಡುವಷ್ಟು ನೋಡಿ, ಬಾಗಿಲ ಜಾಗಕ್ಕೆ ದುಡ್ಡು ಏರಿಸಿದರೆ ಜಗಳ ತಾನೇ ನಿಲ್ಲುತ್ತದೆ ಎಂದರು. ಪರಪ್ಪನ ಲಾಠಿಯನ್ನೇ ಕಿತ್ತುಕೊಂಡು ನೆಲ ಅಳೆದರು. ಜಗಳ ನಿಂತಿತು. ಮುಂದಿನ ಮೇಳದಿಂದ ಅದು ಅವರ ಕೆಲಸವಾಯಿತು. ಹಳೆಯ ಹ್ಯಾಮ್‌ಗಳು ಇವತ್ತಿಗೂ ಅಡಿಯಲ್ಲಿ, ಮೀಟರಿನಲ್ಲಿ ಜಾಗ ಕೇಳುವುದಿಲ್ಲ. "ಮೌಶಿ, ದೋ ಲಾಠಿ ರಖನಾ" ಎಂದು ಫೋನ್ ಮಾಡಿ, ಈ ಚಿಕ್ಕಮ್ಮನಿಂದ ಎರಡು ಲಾಠಿ ಜಾಗ ಹಿಡಿಸಿಕೊಳ್ಳುತ್ತಾರೆ.

ಅವರ ದರಪಟ್ಟಿ ಯಾವ ಕಾಗದದಲ್ಲೂ ಇಲ್ಲ. ಒಂದು ಲಾಠಿಗೆ ಈಗ ನಾನೂರು. ಬಾಗಿಲ ಎದುರಾದರೆ ನೂರು ಹೆಚ್ಚು, ಯಾಕೆಂದರೆ ಕೊಳ್ಳುವವನ ಕಣ್ಣು ಮೊದಲು ಅಲ್ಲಿ ಬೀಳುತ್ತದೆ. ಫ್ಯಾನಿನ ಕೆಳಗಾದರೆ ಐವತ್ತು ಹೆಚ್ಚು, ಅಲ್ಲಿ ನಿಂತವನು ಬೇಗ ಕದಲುವುದಿಲ್ಲ. ಮಾರುವುದಿಲ್ಲ, ಬದಲಿಗಷ್ಟೇ ತಂದಿದ್ದೇನೆ ಎನ್ನುವವನಿಗೆ ಅರ್ಧ. ಬಟ್ಟೆಯ ಚೀಲದಲ್ಲಿ ಒಂದೇ ಸಾಮಾನು ತಂದವನಿಗೆ ಪೇಪರ್ ಹಾಸುವಷ್ಟು ಜಾಗ, ಮೂವತ್ತು ರೂಪಾಯಿ. ಬಿಳಿ ಗೆರೆ ಪೂರ್ತಿ ದರ, ಹಳದಿ ಗೆರೆ ಅರ್ಧ ದರ. ಚಾಕ್ ತುಂಡುಗಳು ತರಗತಿಗಳಲ್ಲಿ ಟೀಚರುಗಳು ಬಿಟ್ಟವು. ಈಚೆಗೆ ಕೋಣೆಗಳಿಗೆಲ್ಲ ಬಿಳಿ ಬೋರ್ಡು ಬಂದು ತುಂಡುಗಳು ಸಿಗುವುದು ನಿಂತಿದೆ, ಅವರೇ ಒಂದು ಡಬ್ಬಿ ಕೊಂಡಿಟ್ಟುಕೊಂಡಿದ್ದಾರೆ. ಶಾಲೆಯ ಗುತ್ತಿಗೆ ಸಂಬಳ ಹನ್ನೊಂದು ಸಾವಿರದ ಐನೂರು. ಮೇಳದ ದಿನ ಕ್ಲಬ್ಬಿನಿಂದ ಏಳುನೂರು, ಎರಡು ಚಹಾ, ಒಂದು ವಡಾಪಾವ್.

"ಮಾರಿ ನೋಡಿದ್ರ ಗೊತ್ತಾಕ್ಕೈತ್ರಿ, ಇವ ಮಾರಾಕ ಬಂದಾನೋ, ತೋರ್ಸಾಕ ಬಂದಾನೋ ಅಂತ" ಎನ್ನುತ್ತಾರೆ ಚಂದ್ರವ್ವ, ತಲೆ ಎತ್ತದೆ. "ತೋರ್ಸಾಕ ಬಂದಾವಂಗ ಬಾಗಿಲ ಜಾಗ ಕೊಡಬೇಕು. ಅವಂಗ ಮಂದಿ ಬೇಕು. ಮಾರಾಕ ಬಂದಾವ ಎಲ್ಲಿ ಕುಂತರೂ ಮಾರ್ತಾನ."

ಬಿಳಿ, ಹಳದಿಯ ಜತೆ ಚಾಕ್ ಡಬ್ಬಿಯಲ್ಲಿ ನೀಲಿಯೂ ಒಂದಿದೆ. ಸಭಾಂಗಣದ ಕೊನೆಯಲ್ಲಿ, ಕುಡಿಯುವ ನೀರಿನ ನಲ್ಲಿಗಳನ್ನು ದಾಟಿ, ಗೋಡೆ ತಿರುಗುವಲ್ಲಿ ಒಂದು ಮೂಲೆ. ಅದರ ಸುತ್ತ ಮಾತ್ರ ನೀಲಿ ಗೆರೆ. ಅದಕ್ಕೆ ಬಾಡಿಗೆಯಿಲ್ಲ. ತೀರಿಕೊಂಡ ಹ್ಯಾಮ್‌ನ ಮನೆಯವರು ಆತನ ಸೆಟ್ಟನ್ನು ಮಾರಲು ಬಂದರೆ ಅಲ್ಲಿ ಕೂರಿಸಬೇಕು, ಒಂದು ಪೈಸೆ ಕೇಳಬಾರದು. ತಮ್ಮವರು ಸತ್ತರೆ ಹ್ಯಾಮ್‌ಗಳು ಸತ್ತರು ಎನ್ನುವುದಿಲ್ಲ, ಸೈಲೆಂಟ್ ಆದರು ಎನ್ನುತ್ತಾರೆ. ಹೀಗೆ ಸೈಲೆಂಟ್ ಆದವರ ಮನೆಯವರು ಇಷ್ಟು ವರ್ಷಗಳಲ್ಲಿ ಮೂವತ್ತೊಂದು ಜನ ಆ ಮೂಲೆಯಲ್ಲಿ ಕೂತು ಹೋಗಿದ್ದಾರೆ. ಚಂದ್ರವ್ವನಿಗೆ ಹೆಸರು ನೆನಪಿಲ್ಲ, ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದರು ಎನ್ನುವುದು ನೆನಪಿದೆ.

ಆ ಮೂಲೆಯ ನಿಯಮ ಹುಟ್ಟಿದ್ದು ಚಂದ್ರವ್ವನದೇ ಒಂದು ತಪ್ಪಿನಿಂದ. ಅದನ್ನು ಅವರು ಹೇಳುವಾಗ ಕೈಯ ಚಾಕ್ ನಿಲ್ಲುತ್ತದೆ.

ಎರಡನೇ ಮೇಳದಲ್ಲಿ ಪರಪ್ಪ ನೂರೈವತ್ತು ರೂಪಾಯಿಗೆ ಒಂದು ಹಳೆಯ ರೇಡಿಯೋ ಕೊಂಡಿದ್ದರು. ಕೇಳಲಿಕ್ಕಷ್ಟೇ ಬರುವಂಥದು, ಮಾತಾಡಲಿಕ್ಕಲ್ಲ. ಗುಂಡಿ ಒಂದು ಉದುರಿಹೋಗಿದ್ದ ಕಡೆ ಕೋಲ್ಗೇಟಿನ ಕೆಂಪು ಮುಚ್ಚಳ ಸಿಕ್ಕಿಸಿದ್ದರು. ಮಧ್ಯಾಹ್ನ ಮಕ್ಕಳೆಲ್ಲ ತರಗತಿಯಲ್ಲಿರುವಾಗ ವಾಚ್‌ಮನ್ ಕ್ಯಾಬಿನ್ನಿನಲ್ಲಿ ಆ ಮುಚ್ಚಳ ತಿರುವುತ್ತ ಕೂತರೆ ಹಡಗಿನವರ ಮಾತು, ಗೊತ್ತಿಲ್ಲದ ಭಾಷೆಗಳು, ಟಿಕ್ ಟಿಕ್ ಎನ್ನುವ ತಂತಿಭಾಷೆ ಒಂದೊಂದಾಗಿ ಬರುತ್ತಿದ್ದವು. ಕೆಲವು ಮಧ್ಯಾಹ್ನ ಚೆನ್ನಯ ಅವರ ದನಿಯೂ. ಆಗ ಪರಪ್ಪ ಹೆಂಡತಿಯನ್ನು ಕೂಗಿ ಕರೆಯುತ್ತಿದ್ದರಂತೆ, ನಮ್ಮ ಹೋಟೆಲ್ ಸಾಹುಕಾರ್ರು ಮುಗಿಲಾಗ ಮಾತಾಡಾಕತ್ತಾರ, ಬಾ ಇಲ್ಲಿ ಎಂದು. ರಕ್ಕಸನ ಜೀವ ಏಳು ಕಡಲಾಚೆಯ ಗಿಳಿಯೊಳಗೆ ಇರುತ್ತದೆ ಎಂದು ಸಣ್ಣವರಿದ್ದಾಗ ಕೇಳಿದ್ದನ್ನು ಚಂದ್ರವ್ವ ಅದುವರೆಗೆ ನಂಬಿರಲಿಲ್ಲ. ಆ ಪೆಟ್ಟಿಗೆಗೆ ಕಿವಿ ಕೊಟ್ಟ ಮೇಲೆ ಅಂಥದ್ದು ಇದ್ದರೂ ಇರಬಹುದು ಅನ್ನಿಸಿತು.

ಹದಿನಾರು ವರ್ಷದ ಹಿಂದೆ ಪರಪ್ಪ ಕಾಮಾಲೆಯಲ್ಲಿ ಹೋದರು. ಮಗಳು ರೂಪಾಲಿ ಆಗ ಆರನೇ ತರಗತಿ. ಮುಂದಿನ ಮೇಳಕ್ಕೆ ಚಂದ್ರವ್ವ ಆ ರೇಡಿಯೋವನ್ನು ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿ ತಂದರು. ಎಲ್ಲಿಡಬೇಕು ಎಂಬ ಪ್ರಶ್ನೆಯೇ ಇರಲಿಲ್ಲ. ಆಗಿನ ಅವರ ದರಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿ ಜಾಗ ಒಂದನೇ ನಂಬರು: ಸ್ವಿಚ್‌ಬೋರ್ಡಿಗೆ ತಾಗಿ, ಪಂಪ್ ರೂಮಿನ ಗೋಡೆಗೆ ಆನಿಕೊಂಡು. ಕರೆಂಟು ಕೈಗೆ ಸಿಗುವ ಜಾಗವೇ ರೇಡಿಯೋದವರಿಗೆ ಚಿನ್ನ ಎಂದು ಅವರೇ ಲೆಕ್ಕ ಹಾಕಿ ನೂರೆಂಬತ್ತು ರೂಪಾಯಿ ಇಟ್ಟಿದ್ದರು. ಆ ನೂರೆಂಬತ್ತನ್ನು ಅವತ್ತು ತಮ್ಮ ಸೆರಗಿನ ಗಂಟಿನಿಂದಲೇ ಬಿಚ್ಚಿ ಕ್ಲಬ್ಬಿನ ಡಬ್ಬಿಗೆ ಹಾಕಿದರು. ಬೇಡ ಎನ್ನಲು ಚೆನ್ನಯ ಊರಲ್ಲಿರಲಿಲ್ಲ.

"ಅವರ ಸಾಮಾನ ಪುಕಟ ಜಾಗದಾಗ ಯಾಕ ಇಡ್ಲಿ ಅನ್ನಿಸ್ತು. ರಾಜಾನ ಜಾಗದಾಗ ಇಟ್ಟೆ."

ಬಂದವರು ಬಗ್ಗಿ ಸ್ವಿಚ್ ಹಾಕಿದರು. ರೇಡಿಯೋ ಬರೀ ಬುರ್ರೆಂದು ಅರಚಿತು. ಮುಚ್ಚಳ ಎಷ್ಟು ತಿರುವಿದರೂ ಅದೇ ಅರಚಾಟ. ಒಬ್ಬರು ತಲೆ ಅಲ್ಲಾಡಿಸಿದರು, ಇನ್ನೊಬ್ಬರು ಮರ್ ಗಯಾ ಎಂದು ಮುಂದೆ ಹೋದರು. ಕ್ಯಾಬಿನ್ನಿನಲ್ಲಿ ಚೆನ್ನಾಗಿ ಹಾಡುತ್ತಿದ್ದದ್ದು ಇಲ್ಲಿ ಯಾಕೆ ಹೀಗೆ ಎಂದು ಚಂದ್ರವ್ವನಿಗೆ ತಿಳಿಯಲಿಲ್ಲ. ಯಜಮಾನ ಹೋದ ಮೇಲೆ ಅದೂ ಹೋಯಿತು ಎಂದುಕೊಂಡರು. ಸಂಜೆ ಕುರ್ಲಾದ ಭಂಗಾರ್‌ವಾಲಾ, ಗುಜರಿ ಕೊಳ್ಳುವವನೊಬ್ಬ, ತೂಕದ ಮೇಲೆ ನಲವತ್ತು ರೂಪಾಯಿ ಕೊಟ್ಟು ಒಯ್ದ. ಜಾಗಕ್ಕೆ ನೂರೆಂಬತ್ತು, ರೇಡಿಯೋಗೆ ನಲವತ್ತು.

ಮೂರು ತಿಂಗಳ ನಂತರ ಸಂಗತಿ ಕೇಳಿದ ಚೆನ್ನಯ ಅವರನ್ನು ಕರೆದುಕೊಂಡು ಹೋಗಿ ಪಂಪ್ ರೂಮಿನ ಗೋಡೆ ತಟ್ಟಿದರಂತೆ. ಆಮೇಲೆ ಹೇಳಿದರಂತೆ: "ಸತ್ತದ್ದು ರೇಡಿಯೋ ಅಲ್ಲ ಮಾರಾಯ್ತಿ. ಗೋಡೆಯ ಆಚೆ ನೀರಿನ ಪಂಪ್ ಉಂಟಲ್ಲ, ಅದರ ಮೋಟಾರಿನ ಕರೆಂಟು ರೇಡಿಯೋದ ಒಳಗೆ ಬೊಬ್ಬೆ ಹೊಡೆದದ್ದು." ತಮ್ಮ ಸಣ್ಣ ರೇಡಿಯೋ ಹಚ್ಚಿ ಒಂದನೇ ನಂಬರಿನಲ್ಲಿ ಹಿಡಿದರು, ಅದೇ ಅರಚಾಟ. ರೇಡಿಯೋ ಹಿಡಿದು ಅವರು ಒಂದೊಂದೇ ಹೆಜ್ಜೆ ಸರಿದರು. ಎಲ್ಲಿ ಸದ್ದು ಇಳಿಯುತ್ತದೋ ಅಲ್ಲಿ ಹಿಂದಿನಿಂದ ಚಂದ್ರವ್ವ ನೆಲಕ್ಕೆ ಚಾಕ್ ಗುರುತು ಹಾಕುತ್ತ ಬಂದರು. ಸಭಾಂಗಣ ದಾಟಿ, ನಲ್ಲಿಗಳನ್ನು ದಾಟಿ, ಮೂತ್ರಾಲಯದ ವಾಸನೆಗೆ ಯಾರೂ ಕೂರದ, ಅದುವರೆಗೆ ಇಪ್ಪತ್ತೇ ರೂಪಾಯಿ ಬೆಲೆಯ ಆ ಮೂಲೆಗೆ ಬಂದಾಗ ರೇಡಿಯೋ ಬಾವಿಯ ತಳದ ನೀರಿನಂತೆ ತಣ್ಣಗಾಯಿತು. ಆ ತಣ್ಣನೆಯೊಳಗೆ ಎಲ್ಲಿಯದೋ ಒಬ್ಬ ಮನುಷ್ಯ ಮಾತಾಡುತ್ತಿದ್ದ.

ಅವತ್ತಿನಿಂದ ದರಪಟ್ಟಿ ತಲೆಕೆಳಗಾಯಿತು. ಒಂದನೇ ನಂಬರು ಬಿಡಿಭಾಗ, ಪುಸ್ತಕ ಮಾರುವವರಿಗೆ ಅಗ್ಗದ ಜಾಗವಾಯಿತು. ಮೂಲೆ ಎಲ್ಲಕ್ಕಿಂತ ಬೆಲೆಬಾಳುವುದಾಯಿತು. ಅದಕ್ಕೆ ಎಷ್ಟು ಇಡೋಣ ಎಂದು ಚೆನ್ನಯ ಕೇಳಿದರು.

"ಈ ಮೂಲಿಗೆ ಬಾಡಿಗಿ ಇಲ್ರಿ ಅಂದೆ" ಎನ್ನುತ್ತಾರೆ ಚಂದ್ರವ್ವ. "ಸತ್ತವರ ಸಾಮಾನ ಒಂದ್ ಸಲ ಸ್ವಚ್ಛ ಕೇಳಬೇಕು. ಆಮ್ಯಾಲ ಯಾರರ ಒಯ್ಯಲಿ."

ಅಲ್ಲೊಂದು ಪದ್ಧತಿ ಬೆಳೆಯಿತು. ತೀರಿಕೊಂಡವರ ಸೆಟ್ ಹಚ್ಚಿದ ಕೂಡಲೇ ಲೈಸೆನ್ಸ್ ಇರುವ ಹಿರಿಯರೊಬ್ಬರು ಮೈಕ್ ಹಿಡಿದು ಆ ವ್ಯಕ್ತಿಯ ಗಾಳಿಹೆಸರನ್ನು ಮೂರು ಸಲ ಕೂಗುತ್ತಾರೆ. ಪ್ರತಿ ಸಲ ಕೂಗಿದ ಮೇಲೂ ಉತ್ತರಕ್ಕೆ ಕಾಯುತ್ತಾರೆ. ಮೂರನೆಯ ಸಲವೂ ಯಾರೂ ಓಗೊಡದಿದ್ದರೆ ಸೆಟ್ ಮಾರಾಟಕ್ಕೆ. ಮೂವತ್ತೊಂದು ಸಲ ಹೀಗೆ ಕೂಗಿದ್ದಾರೆ. ಹೆಚ್ಚಿನ ಸಲ ಕೂಗಿದವರು ಚೆನ್ನಯ ಅವರೇ.

ಈ ಮಾರ್ಚಿನ ಎರಡನೇ ಭಾನುವಾರದ ಆ ಬೆಳಗ್ಗೆ, ಚಂದ್ರವ್ವನ ಪಕ್ಕದಲ್ಲಿ ಮಡಚಿದ ಒಂದು ಬಣ್ಣದ ಕಾಗದ ಬಿದ್ದಿದೆ. ಕ್ಲಬ್ಬಿನ ಹೊಸ ಕಮಿಟಿಯ ನಕ್ಷೆ. ಇನ್ನು ಜಾಗವೆಲ್ಲ ಮೊಬೈಲಿನಲ್ಲೇ ಬುಕಿಂಗ್, ಅವರದು ಅದನ್ನು ನೋಡಿ ಗೆರೆ ಎಳೆಯುವ ಕೆಲಸವಷ್ಟೇ. ಹೊಸ ಕಾರ್ಯದರ್ಶಿ ಸುಕೇಶ್ ಮೂವತ್ತರ ಆಸುಪಾಸಿನ ಹುಡುಗ, ಮಂಗಳೂರು ಕಡೆಯ ಮನೆತನ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕೆಟ್ಟವನಲ್ಲ. ಶಾಲೆ ಸಭಾಂಗಣದ ಬಾಡಿಗೆಯನ್ನು ಮೂರು ಪಟ್ಟು ಮಾಡಿದೆ, ಎಲ್ಲಿಂದಲೋ ತುಂಬಬೇಕು. ನಕ್ಷೆಯಲ್ಲಿ ಆ ಮೂಲೆಗೆ ಬಂಗಾರದ ಬಣ್ಣ ಹಾಕಿದ್ದಾರೆ. ಎರಡೂವರೆ ಸಾವಿರ. ಪುಣೆಯ ಒಬ್ಬ ವ್ಯಾಪಾರಿ ಹದಿನೈದು ದಿನ ಮೊದಲೇ ದುಡ್ಡು ಕಟ್ಟಿದ್ದಾನೆ.

ಚಂದ್ರವ್ವ ನೀಲಿ ಚಾಕನ್ನು ಡಬ್ಬಿಯಿಂದ ತೆಗೆದು, ನೋಡಿ, ಒಳಗೇ ಇಡುತ್ತಾರೆ. ಬಿಳಿಯದರಲ್ಲೇ ಎಳೆಯುತ್ತಾರೆ.

ಒಂಬತ್ತೂವರೆಗೆ ರಿಕ್ಷಾದಿಂದ ಇಳಿದವರು ವಿನೋದಿನಿ. ಎಪ್ಪತ್ತರ ಹೆಂಗಸು, ಬೂದುಬಣ್ಣದ ಸೀರೆ. ರಿಕ್ಷಾದವನ ಕೈಯಲ್ಲಿ ಟವೆಲ್ ಸುತ್ತಿದ ಒಂದು ಸೆಟ್ಟು, ಒಂದು ಬ್ಯಾಟರಿ. ಅವರು ಚೆನ್ನಯ ಅವರ ಹೆಂಡತಿ. ಚೆನ್ನಯ ಜನವರಿಯಲ್ಲಿ ಸೈಲೆಂಟ್ ಆದರು. ಸಭಾಂಗಣದ ವೇದಿಕೆಯ ಮೇಲೆ ಅವರ ಫೋಟೋ ಇದೆ, ಅದಕ್ಕೆ ಕ್ಲಬ್ಬಿನವರು ಹಾಕಿದ ಸೇವಂತಿಗೆ ಹಾರ ಇದೆ. ಮೊಬೈಲಿನಲ್ಲಿ ಜಾಗ ಬುಕ್ ಮಾಡಬೇಕೆಂದು ವಿನೋದಿನಿಗೆ ಯಾರೂ ಹೇಳಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿಲ್ಲ. ಮೂಲೆ ಇದ್ದೇ ಇರುತ್ತದೆ ಎಂದು ಗಂಡ ಸಾವಿರ ಸಲ ಹೇಳಿದ್ದನ್ನು ನಂಬಿ ಬಂದಿದ್ದಾರೆ.

ಸುಕೇಶನ ಮುಖ ಕೆಂಪಾಗುತ್ತದೆ. ಕಾಲು ಮುಟ್ಟಿ ನಮಸ್ಕರಿಸುತ್ತಾನೆ, ಫೋನ್ ತಿರುವುತ್ತಾನೆ. "ಆಂಟಿ, ಸಿಸ್ಟಮ್‌ನಲ್ಲಿ ಸಬ್ ಫುಲ್ ಆಗಿದೆ. ಒಂದು ನಂಬರ್ ಖಾಲಿ ಉಂಟು, ಅದು ಮಾತ್ರ. ಪೈಸೆ ಬೇಡ, ಪೈಸೆ ನಾನು ನೋಡ್ತೇನೆ."

ಒಂದನೇ ನಂಬರು. ಸ್ವಿಚ್‌ಬೋರ್ಡಿಗೆ ತಾಗಿ, ಪಂಪ್ ರೂಮಿನ ಗೋಡೆಗೆ ಆನಿಕೊಂಡು.

ಚಂದ್ರವ್ವ ಪುಣೆಯ ವ್ಯಾಪಾರಿಯ ಬಳಿ ಹೋಗಿ ಒಂದು ತಾಸಿಗೆ ಜಾಗ ಬದಲಿಸಿಕೊಳ್ಳಲು ಕೇಳುತ್ತಾರೆ. ಆತ ವಿನಯದಿಂದಲೇ, ಎರಡೂವರೆ ಸಾವಿರ ಕೊಟ್ಟಿರುವುದೇ ಈ ಮೌನಕ್ಕೆ ಮೌಶಿ, ಮೂರು ಗಂಟೆಯ ಮೇಲೆ ನೋಡೋಣ ಎನ್ನುತ್ತಾನೆ. ಮೂರರ ಹೊತ್ತಿಗೆ ಕೊಳ್ಳುವವರೆಲ್ಲ ಲೋಕಲ್ ಹತ್ತಿರುತ್ತಾರೆ. ಚಂದ್ರವ್ವ ತಿರುಗಿ ಬಂದು ಬ್ಯಾಟರಿ ಎತ್ತಲು ಬಗ್ಗಿದರೆ, ವಿನೋದಿನಿಯೇ ಕೈ ಹಿಡಿದು ಹೇಳುತ್ತಾರೆ: "ಎಂತದೂ ಬೇಡ ಚಂದ್ರವ್ವ. ಇಲ್ಲಿಯೇ ಕೂರ್ತೇನೆ. ಅವರ ಫೋಟೋ ಕಾಣ್ತದಲ್ಲ ಇಲ್ಲಿಂದ."

ಹತ್ತೂಕಾಲಿಗೆ ಪಂಪ್ ತಾನಾಗಿ ಶುರುವಾಗುತ್ತದೆ. ಭಾನುವಾರ ನೀರಿನ ಟ್ಯಾಂಕ್ ತುಂಬುವ ದಿನ.

ಚೆನ್ನಯ ಅವರ ಸೆಟ್ ಅರಚುತ್ತದೆ. ಬಗ್ಗಿ ನೋಡಿದವರು ನೆಟ್ಟಗಾಗುತ್ತಾರೆ. ಗುರುತಿನವರು ಮರ್ಯಾದೆಗೆ ಎರಡು ನಿಮಿಷ ನಿಂತು, ಸೆಟ್ ಒಳಗೆ ಏನೋ ಹೋಗಿರಬೇಕು ಅಮ್ಮ, ರಿಪೇರಿಗೇ ಐದಾರು ಸಾವಿರ ಆದೀತು ಎಂದು ಮೆಲ್ಲಗೆ ಹೇಳುತ್ತಾರೆ. ಹದಿನೆಂಟು ಸಾವಿರ ಎಂದು ಬರೆದಿಟ್ಟ ಚೀಟಿಯನ್ನು ವಿನೋದಿನಿ ಮಗುಚಿ ಇಡುತ್ತಾರೆ. ಯಾರೋ ನಾಲ್ಕು ಸಾವಿರಕ್ಕೆ ಕೇಳುತ್ತಾರೆ. ಅವರು ಹೂಂ ಎನ್ನುವುದರಲ್ಲಿದ್ದಾರೆ. ಅರಚಾಟ ಪಂಪಿನದು ಅಂತ ಇಲ್ಲಿ ಅರ್ಧ ಜನಕ್ಕೆ ಗೊತ್ತಿರಬೇಕು. ಆದರೆ ಯಾರದೋ ಸಾಮಾನಿನ ಪರವಾಗಿ ಯಾರು ಮಾತಾಡುತ್ತಾರೆ?

"ಆ ಅಮ್ಮನ ಮಾರಿ ನೋಡಿದೆ" ಎನ್ನುತ್ತಾರೆ ಚಂದ್ರವ್ವ. "ನಂದ ಮಾರಿ ಅದು. ಹದಿನಾರು ವರ್ಷದ ಹಿಂದಿಂದು."

ಶಾಲೆಯ ಕೀಲಿಕೈ ಗೊಂಚಲು ಚಂದ್ರವ್ವನ ಸೊಂಟದಲ್ಲಿದೆ. ಅದರಲ್ಲಿ ಒಂದು ಮೇನ್ ಸ್ವಿಚ್ಚಿನ ಕೋಣೆಯದು. ಹೆಡ್‌ಮಾಸ್ತರರ ಚೀಟಿ ಇಲ್ಲದೆ ಆ ಹಿಡಿಕೆಗೆ ಕೈ ಹಚ್ಚಿದರೆ ಕೆಲಸ ಹೋಗುತ್ತದೆ ಎಂದು ಗೋಡೆಯ ಮೇಲೆ ಮರಾಠಿಯಲ್ಲಿ ಬರೆದಿದೆ. ಓದಲು ಬರದಿದ್ದರೂ ಅದೇನೆಂದು ಗೊತ್ತು. ಅವರು ಬೀಗ ತೆಗೆಯುತ್ತಾರೆ, ಎರಡೂ ಕೈಯಿಂದ ಹಿಡಿಕೆಯನ್ನು ಕೆಳಗೆ ಎಳೆಯುತ್ತಾರೆ.

ಪಂಪ್ ನಿಲ್ಲುತ್ತದೆ. ಫ್ಯಾನುಗಳು ಒಂದೊಂದಾಗಿ ಸೋಲುತ್ತವೆ. ಟ್ಯೂಬ್‌ಲೈಟು, ಲಿಫ್ಟು, ಆಫೀಸಿನ ಕಂಪ್ಯೂಟರು, ವ್ಯಾಪಾರಿಗಳ ಮೇಜಿನ ಮೇಲೆ ಮಿನುಗುತ್ತಿದ್ದ ಹೊಸ ಮಷೀನುಗಳು ಎಲ್ಲವೂ. ಮಾರ್ಚಿನ ಸೆಕೆಯಲ್ಲಿ ಇನ್ನೂರು ಜನ ಒಂದೇ ಸಲ ಗೊಣಗುತ್ತಾರೆ. ಲೈಟ್ ಗೇಲಿ, ಕರೆಂಟು ಹೋಯಿತು, ಎಂದು ಯಾರೋ ಕೂಗುತ್ತಾರೆ, ಬಿಲ್ಲು ಕಟ್ಟಿಲ್ಲ ಎಂದು ಇನ್ಯಾರೋ ನಗುತ್ತಾರೆ. ಆಮೇಲೆ ಆ ಗೊಣಗು ಕೂಡ ಇಳಿಯುತ್ತದೆ.

ಬ್ಯಾಟರಿಯ ಮೇಲಿದ್ದ ಒಂದೇ ಒಂದು ಸೆಟ್ಟು ಮಾತ್ರ ಆರಿಲ್ಲ. ಅದರ ಹಳದಿ ದೀಪ ಉರಿಯುತ್ತಿದೆ. ಅರಚಾಟವಿಲ್ಲ. ದೂರದ ತೆರೆಯಂಥ ಒಂದು ಸುಯ್ಯೆನ್ನುವ ಸದ್ದು, ಅದರೊಳಗಿನಿಂದ ಒಬ್ಬ ಗಂಡಸಿನ ದನಿ ಸ್ಪಷ್ಟವಾಗಿ, ಪಕ್ಕದಲ್ಲೇ ಕೂತವನ ಹಾಗೆ, ತನ್ನ ಊರಿನಲ್ಲಿ ಇವತ್ತು ಮೋಡ ಇದೆ ಎಂದು ಯಾರಿಗೋ ಇಂಗ್ಲಿಷಿನಲ್ಲಿ ಹೇಳುತ್ತಿದೆ.

ಜನ ತಿರುಗುತ್ತಾರೆ. ಒಬ್ಬೊಬ್ಬರಾಗಿ ಹತ್ತಿರ ಬರುತ್ತಾರೆ. ಸ್ವಿಚ್ ಕೋಣೆಯ ಬಾಗಿಲಲ್ಲಿ ನಿಂತ ಚಂದ್ರವ್ವನನ್ನೂ ಆಕೆ ಹಿಡಿದ ಕೀಲಿಕೈ ಗೊಂಚಲನ್ನೂ ಸುಕೇಶ್ ನೋಡುತ್ತಾನೆ. ಬಂದು ಒಂದನೇ ನಂಬರಿನ ಮುಂದೆ ನೆಲದ ಮೇಲೆ ಕೂತು, ಗಾಳಿಯ ಮೇಲಿನ ಮಾತು ಮುಗಿಯುವವರೆಗೆ ಕಾದು, ಮೈಕ್ ತೆಗೆದುಕೊಳ್ಳುತ್ತಾನೆ. ಚೆನ್ನಯ ಅವರ ಗಾಳಿಹೆಸರನ್ನು ಒಂದು ಸಲ ಕೂಗುತ್ತಾನೆ. ಕಾಯುತ್ತಾನೆ. ಎರಡನೇ ಸಲ. ಮೂರನೇ ಸಲ ಕೂಗುವಾಗ ಅವನ ದನಿ ನಡುವೆ ತುಂಡಾಗುತ್ತದೆ, ಮೊದಲಿನಿಂದ ಕೂಗುತ್ತಾನೆ.

ವಿನೋದಿನಿ ಸೆಟ್ಟಿನ ಮೇಲೆ ಅಂಗೈ ಇಟ್ಟಿದ್ದಾರೆ, ಜ್ವರ ನೋಡುವ ಹಾಗೆ. ಉತ್ತರ ಬರುವುದಿಲ್ಲ. ಸುಯ್ಯೆನ್ನುವ ಸದ್ದು ಮಾತ್ರ ಬರುತ್ತದೆ. ಅವರು ಸ್ವಲ್ಪ ಹೊತ್ತು ಅದನ್ನೇ ಕೇಳಿ, ಆಯ್ತು ಎನ್ನುವಂತೆ ತಲೆಯಾಡಿಸಿ, ಮಗುಚಿಟ್ಟ ಚೀಟಿಯನ್ನು ಮತ್ತೆ ನೇರ ಮಾಡುತ್ತಾರೆ. ವಿಕ್ರೋಳಿಯ ಕಂಪನಿ ಕ್ವಾರ್ಟರ್ಸಿನಲ್ಲಿರುವ ಒಬ್ಬ ನಿವೃತ್ತ ಫಿಟ್ಟರ್ ಚೌಕಾಸಿ ಮಾಡದೆ ಹದಿನೆಂಟು ಸಾವಿರ ಎಣಿಸುತ್ತಾರೆ.

ಹತ್ತು ನಿಮಿಷದ ಮೇಲೆ ಚಂದ್ರವ್ವ ಹಿಡಿಕೆಯನ್ನು ಮೇಲೆ ತಳ್ಳುತ್ತಾರೆ.

ಸೋಮವಾರ ಶಾಲೆಯ ಆಫೀಸಿನಲ್ಲಿ ಒಂದು ಕಾಗದದ ಮೇಲೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ. ಇನ್ನೊಂದು ಸಲ ಹೀಗಾದರೆ ಗುತ್ತಿಗೆ ಮುಗಿಯಿತು. ಗೊಂಚಲಿನಿಂದ ಮೇನ್ ಸ್ವಿಚ್ ಕೋಣೆಯ ಕೀಲಿಕೈ ತೆಗೆದಿಟ್ಟುಕೊಂಡಿದ್ದಾರೆ. ಗೊಂಚಲು ಈಗ ಹಗುರ, ನಡೆಯುವಾಗ ಮೊದಲಿನಂತೆ ಸದ್ದು ಮಾಡುವುದಿಲ್ಲ. ಕೆಲವು ವ್ಯಾಪಾರಿಗಳು ನಷ್ಟವಾಯಿತೆಂದು ಕ್ಲಬ್ಬಿಗೆ ಬರೆದಿದ್ದಾರೆ. ಶಾಲೆ ಇನ್ನು ಮೇಳಕ್ಕೆ ಸಭಾಂಗಣ ಕೊಡುವುದಿಲ್ಲ ಎಂದಿದೆ. ಜೂನಿನ ಮೇಳ ದಹಿಸರ್‌ನ ಒಂದು ಮದುವೆ ಹಾಲಿನಲ್ಲಿ. ಅಲ್ಲಿಯ ನೆಲ ನುಣುಪು ಕಲ್ಲಿನದು, ಚಾಕ್ ಹಿಡಿಯುವುದಿಲ್ಲ. ಗುತ್ತಿಗೆಯವರು ಟೇಪ್ ಅಂಟಿಸಿ ನಂಬರ್ ಹಚ್ಚುತ್ತಾರೆ. ಬಾಡಿಗೆಯಿಲ್ಲದ ಒಂದು ಮೂಲೆ ಇರಲಿ ಎಂದು ಸುಕೇಶ್ ಕಮಿಟಿಯಲ್ಲಿ ಕೇಳಿದನಂತೆ. ಏಳು ಜನರಲ್ಲಿ ಕೈ ಎತ್ತಿದವರು ಇಬ್ಬರು. ಅದನ್ನು ಹೇಳಲು ಅವನು ಶಾಲೆಗೆ ಬಂದು, ಚಹಾ ಕುಡಿದು, ಏಳುನೂರು ರೂಪಾಯಿಯ ಲಕೋಟೆ ಕೊಟ್ಟು ಹೋಗಿದ್ದಾನೆ. ಮುಂದಿನ ಮೇಳದಲ್ಲಿ ಚಂದ್ರವ್ವನಿಗೆ ಕೆಲಸವಿಲ್ಲ.

ಬೇಸರವೇ ಎಂದು ಕೇಳಿದರೆ ಚಂದ್ರವ್ವ ಸ್ವಲ್ಪ ಹೊತ್ತು ಗುಡಿಸುತ್ತಾರೆ. ಸಭಾಂಗಣದ ನೆಲದಲ್ಲಿ ಆ ಭಾನುವಾರದ ಗೆರೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಮಕ್ಕಳು ಅವುಗಳ ಮೇಲೆ ಕುಂಟಾಬಿಲ್ಲೆ ಆಡಿದ್ದಾರೆ. "ಮದುವಿ ಹಾಲಿಗೆ ಟಿಕೆಟ್ ಐವತ್ತು ರೂಪಾಯಿ ಅಂತ. ದಾದರ್‌ಗೆ ಇಳದು ಆ ಕಡಿ ಗಾಡಿ ಹಿಡದ್ರ ಆತು. ಹೋಗ್ತೀನಿ" ಎನ್ನುತ್ತಾರೆ.

ಹೋಗಿ ಏನು ಮಾಡುತ್ತಾರೆ ಎಂದರೆ, ಇಷ್ಟು ವರ್ಷ ಮಾಡಿದ್ದನ್ನೇ. ಪ್ರತಿ ಮೇಳದಲ್ಲೂ ಬಾಡಿಗೆ ಎತ್ತುವ ನೆಪದಲ್ಲಿ ಒಂದೊಂದು ಮೇಜಿನ ಮೇಲೆ, ಕೆಳಗೆ, ಗುಜರಿ ಪೆಟ್ಟಿಗೆಗಳ ಒಳಗೆ ಅವರು ಕಣ್ಣಾಡಿಸುತ್ತ ಬಂದಿದ್ದಾರೆ. ಒಂದು ಹಳೆಯ ರೇಡಿಯೋ, ಗುಂಡಿಯ ಜಾಗದಲ್ಲಿ ಕೆಂಪು ಕೋಲ್ಗೇಟ್ ಮುಚ್ಚಳ. ಮಗಳು ರೂಪಾಲಿ ಹುಚ್ಚೇ ನಿನಗೆ ಎಂದು ಬೈಯುತ್ತಾಳೆ. ತೂಕಕ್ಕೆ ಹೋದದ್ದು ಹದಿನಾರು ವರ್ಷ ಉಳಿಯುವುದಿಲ್ಲ.

"ಗೊತ್ತೈತ್ರಿ ನನಗ. ಅವತ್ತ ಒಡದು ತಾಮ್ರ ತಗದಿರ್ತಾರ" ಎನ್ನುತ್ತಾರೆ ಚಂದ್ರವ್ವ. ಪೊರಕೆಯನ್ನು ಗೋಡೆಗೆ ಒರಗಿಸಿ, ಬಾಗಿಲ ಹಿಂದಿನ ಲಾಠಿಯನ್ನು ಸುಮ್ಮನೆ ಒಮ್ಮೆ ಒರೆಸಿ ಅಲ್ಲೇ ಇಡುತ್ತಾರೆ. "ಆದ್ರೂ ನೋಡ್ತೀನಿ. ಸಿಕ್ಕರ ಕೊಳ್ಳಾಕಲ್ಲ. ಸದ್ದಿಲ್ಲದ ಕಡಿ ಇಟ್ಟು ಒಂದ್ ಸಲ ಹಚ್ಚಬೇಕು, ನಾಕು ಮಂದಿ ಕೇಳಬೇಕು. ಅದು ಕೆಟ್ಟಿರಲಿಲ್ರಿ. ನಾ ಇಟ್ಟ ಜಾಗ ಕೆಟ್ಟಿತ್ತು."